ಮೇಡಂ ಹೇಳಿದರು

ಜನವರಿ ೮

ಮಗಳೇ,

ನಿನ್ನ ಕಾಗದ ಬಂತು. ನಾಲ್ಕು ಪುಟ ಬರೆದಿದ್ದೀಯ, ಸಂತೋಷ. ಆ ನಾಲ್ಕು ಪುಟದಲ್ಲಿ ನಾನು ಎಲ್ಲಿದ್ದೇನೆ ಎಂದು ಹುಡುಕಿದೆ. ಮೇಲೆ ‘ಅಮ್ಮನಿಗೆ’ ಎಂದಿರುವಲ್ಲಿ ಒಮ್ಮೆ, ಕೊನೆಯಲ್ಲಿ ‘ಆರೋಗ್ಯ ನೋಡಿಕೊ’ ಎಂದಿರುವಲ್ಲಿ ಇನ್ನೊಮ್ಮೆ. ನಡುವೆ ಇರುವುದೆಲ್ಲ ನಿಮ್ಮ ಮೇಡಂ. ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಆಪರೇಷನ್‌ಗೆ ನಿಲ್ಲಬೇಕು ಎಂದು ಮೇಡಂ ಹೇಳಿದರಂತೆ. ನೀನು ಅಂದಿನಿಂದ ತಪ್ಪದೆ ತಿಂಡಿ ತಿನ್ನುತ್ತಿದ್ದೀಯಂತೆ. ತಟ್ಟೆ ಹಿಡಿದುಕೊಂಡು ನಿನ್ನ ಹಿಂದೆ ಬಾಗಿಲವರೆಗೆ ಓಡಿಬಂದು ನಾನು ಹೇಳುತ್ತಿದ್ದುದೂ ಇದೇ ಮಾತು. ಆಗ ಅದು ಕಾಟ, ಈಗ ಪಾಠ.

ನಿಮ್ಮಪ್ಪ ಕಾಗದವನ್ನು ಇಸ್ತ್ರಿಮೇಜಿನ ಮುಂದೆ ನಿಂತು ಗಟ್ಟಿಯಾಗಿ ಓದಿ, “ಎಂಥ ಒಳ್ಳೇ ಹೆಂಗಸು ಕಣೇ!” ಎಂದರು. “ಹೊಗಳೋದಾದ್ರೆ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಹೊಗಳಿ, ಅಂಗಿ ಸುಡ್ತಿದೆ,” ಎಂದೆ.

ಅಂಗಡಿಯಲ್ಲಿ ಶಾಲೆಯ ಯೂನಿಫಾರ್ಮಿನ ಕೆಲಸ ಈಗಲೇ ಶುರುವಾಗಿದೆ. ಮಷೀನುಗಳೆಲ್ಲ ಒಟ್ಟಿಗೆ ಓಡುವಾಗ ನನ್ನ ಮಾತು ಕೊನೆಯ ಸಾಲಿನವರಿಗೆ ಮುಟ್ಟಬೇಕಾದರೆ ಎಷ್ಟು ಕೂಗಬೇಕು ಎಂಬುದು ನಿನಗೆ ಗೊತ್ತೇ ಇದೆ. ನಡುವೆ ಬಡಗಿಯೂ ಬಂದಿದ್ದಾನೆ. ನಿನ್ನ ಕ್ಲಿನಿಕ್ಕಿಗೆಂದು ಬೀದಿಯ ಕಡೆಗಿರುವ ಮುಂದಿನ ಕೋಣೆಯಿಂದ ಬಟ್ಟೆಯ ಥಾನುಗಳನ್ನು ತೆಗೆಸಿದ್ದೇನೆ. ವರ್ಷದ ಕೊನೆಗೆ ನಿನ್ನ ತರಬೇತಿ ಮುಗಿಯುವಷ್ಟರಲ್ಲಿ ಕುರ್ಚಿ, ದೀಪ, ಕೈತೊಳೆಯುವ ತೊಟ್ಟಿ ಎಲ್ಲ ಸಿದ್ಧವಾಗಿರುತ್ತದೆ. ಕಿವಿ ಮೂಗು ಗಂಟಲು ಇಲ್ಲದವರು ಈ ಊರಿನಲ್ಲಿ ಯಾರೂ ಇಲ್ಲ. ಜನ ಬರುತ್ತಾರೆ.

ಫೋನು ಬೇಡ. ಫೋನಿನಲ್ಲಿ ನೀನು ಆ ಕಡೆ ಯಾರಿಗೋ ‘ಬಂದೆ, ಬಂದೆ’ ಎನ್ನುತ್ತಿರುತ್ತೀಯ. ಕಾಗದದ ನಡುವೆ ಹಾಗೆ ಎದ್ದು ಹೋಗಲಾಗುವುದಿಲ್ಲ.

ನಿನ್ನ ತಾಯಿ

•

ಫೆಬ್ರವರಿ ೧೯

ಅಮ್ಮನಿಗೆ,

ಕಾಗದ ತಡವಾಯಿತು, ಬೈಯಬೇಡ. ನಡುವೆ ಜ್ವರ ಬಂದಿತ್ತು, ಈಗ ಪೂರ್ತಿ ಹೋಗಿದೆ. ಹಾಸ್ಟೆಲ್ಲಿನಲ್ಲಿ ಒಬ್ಬಳೇ ಬಿದ್ದಿರಬೇಡ ಎಂದು ಮೇಡಂ ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದರು. ನೀನು ಸುಮ್ಮನೆ ಗಾಬರಿಯಾಗುತ್ತೀ ಎಂದು ಆಗ ತಿಳಿಸಲಿಲ್ಲ.

ಮೊನ್ನೆ ಒಂದು ಮಗು ಮೂಗಿಗೆ ಅಂಗಿಯ ಗುಂಡಿ ತುರುಕಿಕೊಂಡು ಬಂದಿತ್ತು. ನಮ್ಮ ಅಂಗಡಿಯದಲ್ಲ ಬಿಡು, ನಮ್ಮ ಗುಂಡಿ ಹಾಗೆಲ್ಲ ಕಿತ್ತು ಬರುವುದಿಲ್ಲ. ನಾನು ಕೊಕ್ಕೆ ಹಾಕಿ ಎಳೆಯುವ ಮೊದಲೇ ಅದು ಸೀನಿ ನನ್ನ ಮುಖಕ್ಕೇ ಹಾರಿಸಿತು.

ಈಗ ಮೂಳೆ ಕೊರೆಯುವ ಅಭ್ಯಾಸ ನಡೆಯುತ್ತಿದೆ. ದೇಹದಾನ ಮಾಡಿ ಸತ್ತವರ ಕಿವಿಯ ಹಿಂದಿನ ಮೂಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಸಣ್ಣ ಯಂತ್ರದಿಂದ ಕೊರೆಯಬೇಕು. ಮುಖವನ್ನು ಆಡಿಸುವ ನರ ಒಳಗೆ ಹೋಗಿರುತ್ತದೆ. ಅದರ ಹತ್ತಿರ ಬಂದಾಗ ಯಂತ್ರದ ಸದ್ದು ಬದಲಾಗುತ್ತದೆ. “ಕಣ್ಣಿಗಿಂತ ಮೊದ್ಲು ಕಿವಿಗೆ ಗೊತ್ತಾಗ್ಬೇಕು,” ಎನ್ನುತ್ತಾರೆ ಮೇಡಂ.

ಹೊಲಿಗೆ ಹಾಕುವಾಗ ನನ್ನ ಕೈ ನೋಡಿ ನಕ್ಕುಬಿಟ್ಟರು. “ಇದು ದರ್ಜಿ ಎಳೆತ ಕಣೇ. ಬಟ್ಟೆ ಊದಲ್ಲ, ಎಳೆದು ಕಟ್ಟಿದ್ರೆ ನಡೆಯುತ್ತೆ. ಚರ್ಮ ನಾಳೆ ಊದುತ್ತೆ. ಅದಕ್ಕೆ ಜಾಗ ಬಿಡು. ಈ ಕೈ ಮರೀಬೇಕು ನೀನು,” ಎಂದರು. ನಿನಗೆ ಹೇಳಿದರೆ ನಗುತ್ತೀ ಎಂದುಕೊಂಡೆ.

ಇನ್ನೊಂದು ವಿಷಯ. ಮೇಡಂ ಹತ್ತಿರ ಕುತ್ತಿಗೆ, ಗಂಟಲಿನ ಕ್ಯಾನ್ಸರ್ ಆಪರೇಷನ್ ಕಲಿಯಲು ವರ್ಷಕ್ಕೆ ಒಬ್ಬರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಎರಡು ವರ್ಷದ ಕಲಿಕೆ. ಈ ಸಲ ನೀನು ಬರುತ್ತೀಯಾ ಎಂದು ಕೇಳಿದ್ದಾರೆ. ಆಗಸ್ಟ್ ಮುಗಿಯುವುದರೊಳಗೆ ಹೇಳಬೇಕು. ನಾನು ಇನ್ನೂ ಏನೂ ಹೇಳಿಲ್ಲ. ಕೋಣೆಯ ವಿಷಯ ನನಗೆ ನೆನಪಿದೆ ಅಮ್ಮ.

ನಿನ್ನ ಮಗಳು

•

ಮಾರ್ಚ್ ೨

ಮಗಳೇ,

ನಾನು ನಗಲಿಲ್ಲ.

ಗುಂಡಿಗೆ ಕಾಜಾ ಹಾಕುವುದನ್ನು ನಾನು ನಿನಗೆ ಕಲಿಸಿದಾಗ ನಿನ್ನ ಕಾಲು ಮಷೀನಿನ ಪೆಡಲಿಗೆ ಎಟುಕುತ್ತಿರಲಿಲ್ಲ. ಸೂಜಿ ಹಿಡಿಯಲು ಕಲಿತ ಕೈ ಎಂದೇ ನಿನಗೆ ಆ ಆಸ್ಪತ್ರೆಯಲ್ಲಿ ಮೊದಲ ವರ್ಷ ಹೆಸರು ಬಂತು ಎಂದು ನೀನೇ ಬರೆದಿದ್ದೆ. ಈಗ ಆ ಕೈಯನ್ನು ಮರೆಯಬೇಕು. ಮರೆತುಬಿಡು. ಚರ್ಮದ ವಿಷಯದಲ್ಲಿ ಅವರು ಹೇಳುವುದು ಸರಿಯೇ ಇರಬಹುದು, ನನಗೆ ತಿಳಿಯದು. ಆದರೆ ಅದನ್ನು ಹೇಳುವಾಗ ನಗುವ ಅಗತ್ಯ ಏನಿತ್ತು? ಅವರ ಜೊತೆ ನೀನೂ ನಕ್ಕೆಯಾ? ಕಾಗದದಲ್ಲಿ ಆ ಮಾತು ಬಿಟ್ಟಿದ್ದೀಯ.

ಜ್ವರದ ವಿಷಯವನ್ನು ಎರಡು ಸಲ ಓದಿದೆ. ನನ್ನ ಮಗಳಿಗೆ ಜ್ವರ ಬಂದು, ಯಾರದೋ ಮನೆಯ ಹಾಸಿಗೆಯಲ್ಲಿ ಮಲಗಿ, ಯಾರದೋ ಕೈಯಿಂದ ಹಣೆ ಮುಟ್ಟಿಸಿಕೊಂಡು, ವಾಸಿಯಾಗಿ ಎದ್ದು ಕೆಲಸಕ್ಕೆ ಹೋದ ಮೇಲೆ ನನಗೆ ಸುದ್ದಿ. ಬಸ್ಸಿನಲ್ಲಿ ಒಂದು ಹಗಲಿನ ದಾರಿ. ನಾನು ಬರುತ್ತಿರಲಿಲ್ಲವೇ? ನಿಮ್ಮಪ್ಪ, “ಪಾಪ, ಮಕ್ಕಳಿಲ್ಲದವರೇನೋ, ಅದಕ್ಕೇ ಅಷ್ಟು ಅಕ್ಕರೆ,” ಎನ್ನುತ್ತಿದ್ದಾರೆ. ಹಾಗಿದ್ದರೆ ಬೇರೆ ಮಾತು. ಇದ್ದರೆ ಅವರವರ ಮಕ್ಕಳ ಹಣೆ ಮುಟ್ಟಿಕೊಳ್ಳಲಿ.

ಎರಡು ವರ್ಷದ ವಿಷಯಕ್ಕೆ ನನ್ನ ಉತ್ತರ: ಕೋಣೆಗೆ ಬಣ್ಣ ಹೊಡೆಸಿ ಆಯಿತು. ತಿಳಿ ಹಸಿರು.

ನಿನ್ನನ್ನು ಹೆತ್ತವಳು

•

ಏಪ್ರಿಲ್ ೨೧

ಅಮ್ಮ,

ಮೇಡಂಗೆ ಇಬ್ಬರು ಗಂಡುಮಕ್ಕಳಿದ್ದಾರೆ. ಇಬ್ಬರೂ ನನಗಿಂತ ದೊಡ್ಡವರು. ಅದು ಹಾಗಿರಲಿ.

ಮೊನ್ನೆ ಅಪ್ಪ ಫೋನು ಮಾಡಿ ಬಲವಂತವಾಗಿ ನಿನ್ನ ಕೈಗೆ ಕೊಟ್ಟರಲ್ಲ, ಆಗ ನೀನು ಎರಡೇ ಮಾತು ಆಡಿದೆ. ಊಟ ಆಯಿತೇ ಎಂದೆ, ಇಡುತ್ತೇನೆ ಎಂದೆ. ಅದು ನಿನ್ನ ದನಿಯೇ ಅಲ್ಲ. ಅಪ್ಪನನ್ನು ಕೇಳಿದೆ. ಸಂಕ್ರಾಂತಿಗೆ ಮೊದಲೋ ಆಮೇಲೋ ಎಂದು ನೆನಪಿಲ್ಲ, ಯೂನಿಫಾರ್ಮಿನ ಕೆಲಸ ಶುರುವಾದಾಗಿನಿಂದ ಹೀಗೇ ಇದೆ ಎಂದರು. ಅಂದರೆ ಮೂರು ತಿಂಗಳು! ಫೋನು ಬೇಡ, ಕಾಗದ ಬರಿ ಎಂದು ನೀನು ಹೇಳಿದ್ದು ಇದಕ್ಕೇನಾ?

ಮೇಡಂ ಹೇಳಿದರು, ದನಿ ಮೂರು ವಾರಕ್ಕಿಂತ ಹೆಚ್ಚು ಕಾಲ ಒಡೆದಿದ್ದರೆ ಒಳಗೆ ನೋಡಲೇಬೇಕು ಎಂದು. ಬರುವ ವಾರವೇ ಬಾ. ಕೂಗಿ ಕೂಗಿ ಆದ ಗಂಟೇ ಇರಬಹುದು. ಬೇರೆ ಏನೂ ಅಲ್ಲ ಎಂದು ನೋಡದೆ ಹೇಳಲಾಗುವುದಿಲ್ಲ. ನಾನು ದಿನವೂ ಇಂಥವರನ್ನೇ ನೋಡುತ್ತೇನೆ. ತಡವಾಗಿ ಬಂದವರನ್ನೂ ನೋಡುತ್ತೇನೆ.

ಬೇಡಿಕೊಳ್ಳುತ್ತೇನೆ, ಬಾ.

ನಿನ್ನ ಮಗಳು

•

ಏಪ್ರಿಲ್ ೨೯

ಮಗಳೇ,

ನನ್ನ ಗಂಟಲು ಕೆಟ್ಟಿರುವುದನ್ನು ನನಗೆ ಬರೆಯುವ ಮೊದಲು ಅವರಿಗೆ ಹೇಳಿದೆಯಾ? ಅವರ ಅಭಿಪ್ರಾಯ ಪಡೆದು, ಆಮೇಲೆ ನನಗೆ ಕಾಗದವೇ?

ಇಲ್ಲಿಯ ಡಾಕ್ಟರು ಉಪ್ಪುನೀರಿನಲ್ಲಿ ಮುಕ್ಕಳಿಸಲು ಹೇಳಿದ್ದಾರೆ. ಮುಕ್ಕಳಿಸುತ್ತಿದ್ದೇನೆ. ಯಾರ ಮುಂದೆಯೂ ನಾನು ಬಾಯಿ ತೆರೆದು ಕೂರುವವಳಲ್ಲ, ಅವರ ಮುಂದಂತೂ ಇಲ್ಲವೇ ಇಲ್ಲ. ನನ್ನ ಮಗಳ ಊಟ ಅವರದು, ಜ್ವರ ಅವರದು, ಕೈ ಅವರದು. ಗಂಟಲೊಂದು ನನ್ನದು, ಇರಲಿ ಬಿಡು.

ಅಂಗಡಿ ನಡೆಯುತ್ತಿದೆ. ಈಗ ಕೂಗುವ ಬದಲು ಅಳತೆಕೋಲಿನಿಂದ ಮೇಜು ಬಡಿಯುತ್ತೇನೆ.

ಅಮ್ಮ

•

ಮೇ ೧೧

ಗುಬ್ಬೀ,

ಈ ಕಾಗದ ನಿಮ್ಮಮ್ಮನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಅಳತೆಕೋಲು ಮುರಿಯಿತು. ಈಗ ಚಪ್ಪಾಳೆ ತಟ್ಟುತ್ತಾಳೆ. ಕಾಜಾ ಹಾಕುವ ಅಕ್ಕ, “ಅಮ್ಮಾವ್ರು ಬೈದೇ ಎಷ್ಟು ದಿನ ಆಯ್ತು, ಕೆಲ್ಸವೇ ಓಡ್ತಿಲ್ಲ,” ಎನ್ನುತ್ತಾಳೆ. ಇಷ್ಟು ವರ್ಷ ಈ ಮನೆಯಲ್ಲಿ ಸ್ವಲ್ಪ ಶಾಂತಿ ಸಿಗಲಿ ಎಂದು ಬಯಸಿದವನು ನಾನು. ಸಿಕ್ಕಿದೆ. ನನಗೆ ಭಯವಾಗುತ್ತಿದೆ.

ನಿನ್ನೆ ಊಟ ಮಾಡುವಾಗ ನುಂಗಲು ನೋವಿದೆಯೇ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಆಮೇಲೆ ನಿಮ್ಮ ಮೇಡಂ ಎತ್ತರವೋ ಕುಳ್ಳೋ ಎಂದು ಕೇಳಿದಳು. ಅವಳ ಮನಸ್ಸು ಅರ್ಧ ಒಪ್ಪಿದೆ. ಉಳಿದರ್ಧಕ್ಕೆ ನೀನೇ ಬಾ.

ಅಪ್ಪ

•

ಜೂನ್ ೬

ಮಾನ್ಯ ಡಾಕ್ಟರ್ ಅವರಿಗೆ,

ನಾನು ಯಾರೆಂದು ತಮಗೆ ಗೊತ್ತು. ಕಳೆದ ವಾರ ಮಗಳು ಬಂದು ನನ್ನನ್ನು ಕರೆದುಕೊಂಡು ಹೋಗಿ ತಮ್ಮ ಆಸ್ಪತ್ರೆಯಲ್ಲಿ ಗಂಟಲು ತೋರಿಸಿದ್ದಾಳೆ. ತಾವು ಆ ದಿನ ಊರಲ್ಲಿರಲಿಲ್ಲ. ದನಿಯ ತಂತುವಿನ ಮೇಲೆ ಒಂದು ಗಂಟು ಇದೆ, ಅರಿವಳಿಕೆ ಕೊಟ್ಟು ಬಾಯಿಯ ಮೂಲಕವೇ ತೆಗೆಯಬೇಕು, ತೆಗೆದದ್ದನ್ನು ಪರೀಕ್ಷೆಗೆ ಕಳಿಸಬೇಕು ಎಂದು ತಿಳಿಸಿದರು. ನಾನು ಒಪ್ಪಿದ್ದೇನೆ.

ಒಂದು ಷರತ್ತಿದೆ. ಆಪರೇಷನ್ ನನ್ನ ಮಗಳೇ ಮಾಡಬೇಕು. ತಮ್ಮ ಹತ್ತಿರ ಮೂರನೆಯ ವರ್ಷ ಕಲಿಯುತ್ತಿದ್ದಾಳೆ. ಇಂಥ ಗಂಟುಗಳನ್ನು ತೆಗೆದಿದ್ದಾಳೆ ಎಂದು ಅವಳೇ ಬರೆದಿದ್ದಾಳೆ. ನಾನು ಕೇಳಿದರೆ, “ಮೇಡಂ ಮಾಡ್ತಾರೆ ಅಮ್ಮ, ನಾನು ಮಾಡಬಾರ್ದು,” ಎಂದು ಮುಖ ತಿರುಗಿಸುತ್ತಾಳೆ. ಅವಳಿಗೆ ಬೇಡವೋ, ತಾವು ಬಿಡುತ್ತಿಲ್ಲವೋ? ಕೈ ಸರಿಯಿಲ್ಲ ಎಂದಾದರೆ ನೇರವಾಗಿ ಹೇಳಿ. ಆ ಕೈಗೆ ಮೊದಲು ಸೂಜಿ ಕೊಟ್ಟವಳು ನಾನು.

ಇನ್ನೊಂದು ಮಾತು. ಎರಡು ವರ್ಷದ ವಿಷಯ ನನಗೆ ತಿಳಿದಿದೆ. ಆಪರೇಷನ್‌ಗೂ ಅದಕ್ಕೂ ಸಂಬಂಧವಿಲ್ಲ. ಗಂಟಲು ವಾಸಿ ಮಾಡಿದ ಋಣಕ್ಕೆ ಮಗಳನ್ನು ಬಿಟ್ಟುಕೊಡುತ್ತೇನೆ ಎಂದು ತಿಳಿಯಬೇಡಿ.

ತಮ್ಮ ವಿದ್ಯಾರ್ಥಿನಿಯ ತಾಯಿ

•

ಜೂನ್ ೧೫

ಅಮ್ಮಾವರಿಗೆ,

ನಿಮ್ಮ ಕಾಗದದಷ್ಟು ನೇರವಾದ ಕಾಗದ ನನಗೆ ಬಂದು ಬಹಳ ಕಾಲವಾಗಿತ್ತು.

ನಿಮ್ಮ ಮಗಳ ಕೈ ಚೆನ್ನಾಗಿದೆ. ಬೇರೆ ಯಾರ ತಾಯಿಯಾಗಿದ್ದರೂ ಅವಳಿಗೇ ಬಿಟ್ಟು ನಾನು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಸ್ವಂತ ತಾಯಿಯ ಮೇಲೆ ಯಾರೂ ಚಾಕು ಹಿಡಿಯಬಾರದು ಎಂಬುದು ನಮ್ಮಲ್ಲಿ ಎಲ್ಲರೂ ನಡೆಸಿಕೊಂಡು ಬಂದ ಕಟ್ಟುಪಾಡು. ಒಂದು ಕೂದಲೆಳೆಯಷ್ಟು ಹೆಚ್ಚು ತೆಗೆದರೆ ದನಿ ಹೋಗುತ್ತದೆ, ಕಡಿಮೆ ತೆಗೆದರೆ ಗಂಟು ಉಳಿಯುತ್ತದೆ. ಆ ಹೊತ್ತಿನಲ್ಲಿ ‘ಇದು ನಮ್ಮಮ್ಮ’ ಎಂದು ನೆನಪಾದರೆ ಕೈ ಏನು ಮಾಡೀತು? ಅವಳು ನಿಮಗೆ ಮುಖ ತಿರುಗಿಸಿದ್ದು ಅದಕ್ಕೇ ಇರಬೇಕು.

ಷರತ್ತು ಒಪ್ಪಲಾರೆ. ಜುಲೈ ಎರಡನೆಯ ವಾರ ಬನ್ನಿ. ಎರಡು ವರ್ಷದ ವಿಷಯದಲ್ಲಿ ನಿಮ್ಮ ಮಾತು ಸರಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ವಿಷಯದಲ್ಲಿ ನಾನು ಅವಳನ್ನು ಇನ್ನೊಮ್ಮೆ ಕೇಳುವುದೂ ಇಲ್ಲ.

ನಿಮ್ಮ ಮಗಳ ಮೇಷ್ಟ್ರು

•

ಜುಲೈ ೧೪

ಇವರಿಗೆ,

ನಾನು ಚೆನ್ನಾಗಿದ್ದೇನೆ. ಮಾತಾಡಬಾರದು ಎಂದು ಒಂದು ವಾರದ ಅಪ್ಪಣೆಯಾಗಿದೆ, ಹಾಗಾಗಿ ಈ ಕಾಗದ. ನೀವು ಅಲ್ಲಿ ಸುಮ್ಮನೆ ಕೂರಬೇಡಿ, ಹೆಣ್ಣುಮಕ್ಕಳ ಶಾಲೆಯ ಲಂಗಗಳು ಶನಿವಾರದೊಳಗೆ ಹೋಗಬೇಕು.

ಅವರನ್ನು ನೋಡಿದೆ. ಕುಳ್ಳು. ತಲೆ ಅರ್ಧ ನರೆತಿದೆ. ಕಾಲಲ್ಲಿ ಸವೆದ ಚಪ್ಪಲಿ. ಇಂಥವರೇ ಅವರು ಎಂದು ಗೊತ್ತಿದ್ದರೆ ನಾನು ಇಷ್ಟು ದಿನ ಬೇರೆ ಥರ ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ.

ನನ್ನನ್ನು ಗಾಲಿಮಂಚದಲ್ಲಿ ತಳ್ಳಿಕೊಂಡು ಹೋಗುವಾಗ ನಿಮ್ಮ ಮಗಳು ಬಿಳಿಕೋಟು ಹಾಕಿಕೊಂಡು ಪಕ್ಕದಲ್ಲೇ ಬಂದಳು. ಒಳಗಿನ ಬಾಗಿಲಲ್ಲಿ ಅವರು ತಡೆದು, “ಕೋಟು ಬಿಚ್ಚಿ ಕೊಡು. ಇವತ್ತು ನೀನು ಡಾಕ್ಟರಲ್ಲ, ಪೇಷೆಂಟ್ ಕಡೆಯವ್ಳು. ಹೋಗಿ ಬೆಂಚಲ್ಲಿ ಕೂತ್ಕೋ. ಅಳು ಬಂದ್ರೆ ಅಳು,” ಎಂದರು. ಇವಳು ಕೋಟು ಬಿಚ್ಚಿ ಕೊಟ್ಟಳು. ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತಳಂತೆ, ವಾರ್ಡಿನ ಆಯಾ ಹೇಳಿದಳು. ನನ್ನೆದುರು ಅವಳು ಕೊನೆಯ ಸಲ ಅತ್ತದ್ದು ಯಾವಾಗ, ನಿಮಗೆ ನೆನಪಿದೆಯೇ? ನನ್ನ ಮಗಳು ನನಗಾಗಿ ಅಳುವುದಕ್ಕೂ ಆ ಹೆಂಗಸಿನ ಅಪ್ಪಣೆ ಬೇಕಾಯಿತು ನೋಡಿ.

ನಿನ್ನೆ ಒಂದು ಎಡವಟ್ಟಾಯಿತು. ಮಾತಾಡಬಾರದು ಎಂದರೆ ಪಿಸುಗುಟ್ಟಬಹುದು ಎಂದುಕೊಂಡೆ. ಅದೂ ಕೂಡದು ಎಂದು ಮಗಳು ಹೇಳಿದ್ದಳು, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ನರ್ಸಿನ ಹತ್ತಿರ ಹೊದಿಕೆ ಬೇಕು ಎಂದು ಪಿಸುಗುಡುವಾಗ ಅವರು ಹಿಂದೆಯೇ ನಿಂತಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ. ಚಿಕ್ಕ ಡಾಕ್ಟರುಗಳೆಲ್ಲ ನೋಡುತ್ತಿರುವಾಗಲೇ ನಿಮ್ಮ ಮಗಳ ಕಡೆ ತಿರುಗಿದರು. “ಪಿಸುಗುಟ್ಟಿದ್ರೆ ಗಂಟಲಿಗೆ ಇನ್ನೂ ಹೆಚ್ಚು ಕಷ್ಟ ಅಂತ ಹೇಳೋಕೆ ಏನು ಕಾಯ್ತಿದ್ದೆ? ಮುಹೂರ್ತಾನಾ?” ಇವಳು ತಲೆ ತಗ್ಗಿಸಿ, “ತಪ್ಪಾಯ್ತು ಮೇಡಂ,” ಎಂದಳು. ಹೇಳಿದ್ದೆ ಎನ್ನಲಿಲ್ಲ! ನನ್ನ ಮಗಳನ್ನು ಬೈಯಲು ನೀವು ಯಾರು ಎಂದು ಕೇಳಬೇಕೆಂದು ಬಾಯಿಗೆ ಬಂತು, ಬಾಯಿ ಇರಲಿಲ್ಲ. ಬರೆದು ತೋರಿಸಲು ಕೊಟ್ಟಿದ್ದ ಸ್ಲೇಟು ಎಳೆದುಕೊಂಡು ‘ಅವಳು ಹೇಳಿದ್ದಳು, ನಾನೇ ಕೇಳಲಿಲ್ಲ’ ಎಂದು ಬರೆದು ಅವರ ಮುಖಕ್ಕೆ ಹಿಡಿದೆ.

“ಗೊತ್ತು ಅಮ್ಮಾವ್ರೇ,” ಎಂದರು. “ನಿಮ್ಮನ್ನ ಬೈಯೋ ಧೈರ್ಯ ನನಗಿಲ್ಲ. ಅದಕ್ಕೆ ಇವಳಿಗೆ ಬೈದೆ.”

ಎಲ್ಲರೂ ನಕ್ಕರು. ನನಗೂ ಬಂತು, ಹಲ್ಲು ಕಚ್ಚಿ ತಡೆದೆ.

ಅವರಿಬ್ಬರೂ ನನ್ನ ಮಂಚದ ಎರಡು ಬದಿಗೆ ನಿಂತು ಮಾತಾಡುತ್ತಾರೆ. ಒಬ್ಬರು ಅರ್ಧ ಹೇಳುವಷ್ಟರಲ್ಲಿ ಇನ್ನೊಬ್ಬರಿಗೆ ತಿಳಿದಿರುತ್ತದೆ. ನಡುವೆ ನಾನು, ಮೇಜಿನ ಮೇಲೆ ಹಾಸಿದ ಬಟ್ಟೆಯ ಹಾಗೆ. ಎರಡು ವರ್ಷದ ಮಾತನ್ನು ಯಾರೂ ಎತ್ತುತ್ತಿಲ್ಲ. ಎತ್ತಿದರೆ ಜಗಳವಾದರೂ ಆಡಬಹುದಿತ್ತು.

ಮಾತ್ರೆ ಮರೆಯಬೇಡಿ.

ನಿಮ್ಮವಳು

•

ಆಗಸ್ಟ್ ೪

ಮಗಳೇ,

ಊರು ಸೇರಿದೆ. ಪರೀಕ್ಷೆಯ ಫಲ ಬಂದ ದಿನ ನೀನು ಫೋನಿನಲ್ಲಿ, “ಬರೀ ಗಂಟು ಅಮ್ಮ, ಬರೀ ಗಂಟು,” ಎಂದು ಹೇಳಿದೆಯಲ್ಲ, ನಿಮ್ಮಪ್ಪ ಅದನ್ನೇ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ. ನನಗೆ ಏನು ಗಂಟು ಸಿಕ್ಕಿತು ಎಂದು ಜನ ಕೇಳುತ್ತಿದ್ದಾರೆ.

ಮೌನದ ವಾರ ಮುಗಿದ ದಿನ ಏನು ನಡೆಯಿತು ಎಂದು ನಿನಗೆ ಗೊತ್ತು, ನೀನು ಅಲ್ಲೇ ಇದ್ದೆ. ನನಗೆ ಏನಾಯಿತು ಎಂದು ನಿನಗೆ ಗೊತ್ತಿಲ್ಲ. ಬರೆಯುತ್ತೇನೆ, ಒಮ್ಮೆ ಓದಿ ಎತ್ತಿಡು.

ನಿಮ್ಮ ಮೇಡಂ ಬಂದು ಸಣ್ಣ ಕೊಳವೆಯನ್ನು ನನ್ನ ಮೂಗಿನ ಹತ್ತಿರ ತಂದು, “ಒಳಗೆ ಹೋದ್ಮೇಲೆ ‘ಈ’ ಅನ್ನಿ ಅಮ್ಮಾವ್ರೇ,” ಎಂದರು. ನಾನು ಕೊಳವೆಯನ್ನು ಕೈಯಿಂದ ಸರಿಸಿದೆ. ಆ ವಾರವಿಡೀ ನಾನು ಒಂದನ್ನೇ ಯೋಚಿಸಿಕೊಂಡು ಮಲಗಿದ್ದೆ. ನನ್ನ ಗಂಟಲು ಅವರು ನೋಡಿದ್ದಾಯಿತು, ಕತ್ತರಿಸಿದ್ದಾಯಿತು. ಮತ್ತೆ ಬರುವ ದನಿ ಹೇಗೇ ಇರಲಿ, ಅದು ಮೊದಲು ಕೇಳಬೇಕಾದದ್ದು ನಿನಗೆ. ಹಾಗಂತ ಸ್ಲೇಟಿನಲ್ಲಿ ಬರೆದೆ. ಜಗಳಕ್ಕೆ ಸಿದ್ಧಳಾಗಿಯೇ ಬರೆದೆ.

ಅವರು ಓದಿ, ಹುಬ್ಬು ಎತ್ತಿ, ಆಯಾಳನ್ನು ಕಳಿಸಿ ನಿನ್ನನ್ನು ಕರೆಸಿದರು. ಕೊಳವೆಯನ್ನು ನಿನ್ನ ಕೈಗೆ ಕೊಟ್ಟು, “ನೋಡೋಕೆ ಅಡ್ಡಿ ಇಲ್ಲ. ನೋಡು,” ಎಂದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ನನಗೆ ಗೆದ್ದಂತಾಯಿತು.

ನೀನು ಕೊಳವೆ ಇಳಿಸಿದೆ. “ಅಮ್ಮಾ, ‘ಈ’ ಅನ್ನು,” ಎಂದೆ. ಅಂದೆ. ಹೊಸ ಬಟ್ಟೆಯನ್ನು ಮೊದಲ ಸಲ ಹರಿದಾಗಿನ ಹಾಗೆ ಒಂದು ಸದ್ದು ಬಂತು. ಅದು ಕೇಳಿ ನೀನು ನನ್ನನ್ನು ನೋಡುತ್ತೀಯ ಎಂದು ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ.

ನೀನು ನನ್ನ ಗಂಟಲೊಳಗನ್ನು ತೋರಿಸುವ ಟೀವಿ ಪರದೆಯನ್ನು ನೋಡುತ್ತಿದ್ದೆ. “ಇನ್ನೊಂದ್ಸಲ,” ಎಂದೆ. “ಇನ್ನೊಂದ್ಸಲ ಅನ್ನು.” ನಾನು ಅನ್ನುತ್ತ ಹೋದೆ, ನೀನು ನೋಡುತ್ತ ಹೋದೆ. ನಿನ್ನ ಬಾಯಿ ಸ್ವಲ್ಪ ತೆರೆದಿತ್ತು. ಕಣ್ಣು ತುಂಬಿಕೊಂಡಿತ್ತು. ಎರಡು ಬಿಳಿ ದಾರದಂಥ ವಸ್ತುಗಳು ಕೂಡಿ ನಡುಗಿ ಬಿಡುವುದನ್ನು ನೀನು ನೋಡಿದ ಹಾಗೆ ಯಾರೂ ನನ್ನನ್ನು ಯಾವತ್ತೂ ನೋಡಿಲ್ಲ. ನೀನು ಹುಟ್ಟಿದಾಗ ನಾನು ನಿನ್ನನ್ನು ಹಾಗೆ ನೋಡಿರಬೇಕು. ನಿನ್ನ ಪಾಲಿಗೆ ಆಗ ಅಲ್ಲಿ ನಾನೂ ಇರಲಿಲ್ಲ, ನಿಮ್ಮ ಮೇಡಮ್ಮೂ ಇರಲಿಲ್ಲ. ನನ್ನ ಗಂಟಲಿನ ಮೇಲೆಯೇ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬುತ್ತೀಯಾ?

ಇಷ್ಟು ದಿನ ಆ ಕುಳ್ಳ ಹೆಂಗಸಿನ ಮೇಲೆ ಸುಮ್ಮನೆ ಉರಿದುಕೊಂಡೆ. ಅವರು ನಿನ್ನನ್ನು ಕಸಿದುಕೊಂಡಿರಲಿಲ್ಲ. ನೀನೇ ಎಲ್ಲೋ ಹೊರಟಿದ್ದೆ, ಅವರು ದಾರಿಯಲ್ಲಿ ನಿಂತಿದ್ದರು ಅಷ್ಟೆ. ಹಾಗೆಂದು ಅವರು ನನಗೆ ಹಿತವಾಗಿದ್ದಾರೆ ಎಂದಲ್ಲ. ನಿನ್ನ ಹಣೆ ಮುಟ್ಟಿದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ತಿಂಗಳು ಮುಗಿಯುವವರೆಗೆ ಕಾಯಬೇಡ. ನಾಳೆಯೇ ಅವರ ಹತ್ತಿರ ಹೋಗಿ, ‘ಕಲಿಯಲು ಬರುತ್ತೇನೆ’ ಎಂದು ಹೇಳು. ಎರಡು ವರ್ಷ ಕಲಿ. ನಾನು ಒಪ್ಪಿದೆ ಎಂದು ಅವರಿಗೆ ಹೇಳಬೇಡ. ನೀನೇ ನಿರ್ಧಾರ ಮಾಡಿದೆ ಎನ್ನು, ಅಮ್ಮ ಇನ್ನೂ ಸಿಟ್ಟಿನಲ್ಲಿದ್ದಾಳೆ ಎನ್ನು. ಅದು ಸುಳ್ಳೂ ಅಲ್ಲ.

ಭಾನುವಾರ ಸಂಜೆ ಫೋನು ಮಾಡು. ನಾನು ಮಾತಾಡುತ್ತೇನೆ. ಲಂಗದ ಅಳತೆ ತಪ್ಪಿ ಶಾಲೆಯವರು ವಾಪಸು ಕಳಿಸಿದ ಕಥೆ ಇದೆ, ನಿಮ್ಮಪ್ಪನ ಮೇಲೆ ಹೇಳುವ ದೂರು ಬೇಕಾದಷ್ಟಿದೆ. ಅದನ್ನೆಲ್ಲ ಕೇಳು. ನಡುವೆ ನನ್ನ ದನಿ ಎಲ್ಲಿ ಒಡೆಯುತ್ತದೆ ಎಂದು ನೀನು ಪರೀಕ್ಷೆ ಮಾಡುತ್ತಿದ್ದೀಯ ಎಂದು ನನಗೆ ಅನುಮಾನ ಬಂದರೂ ಸಾಕು, ಫೋನು ಇಟ್ಟುಬಿಡುತ್ತೇನೆ.

ಅಮ್ಮ